ಉಪವಾಸದವಳು ಬಡಿದ ರೊಟ್ಟಿ

ಹೊಟ್ಟೆಯಲ್ಲಿ ಆಮ್ಲ ಹೇಗೆ ಸುರಿಯುತ್ತದೆ ಎಂಬ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ನನ್ನ ದನಿ ಕೊಂಚ ತಗ್ಗುತ್ತಿತ್ತು. ಶರೀರಶಾಸ್ತ್ರ ಕಲಿಸುವವಳಿಗೆ ಇದೇನು ಸಂಕಟ ಎಂದು ವಿದ್ಯಾರ್ಥಿಗಳು ಅಂದುಕೊಂಡಿದ್ದಾರು. ನನಗೆ ಆಗ ಕಾಣುತ್ತಿದ್ದುದು ನರೋಣದ ನಮ್ಮ ಅಡುಗೆಮನೆ, ನಿಜಾಮರ ಕಾಲದ ಕೊನೆಯ ಬೇಸಿಗೆ.

ನಾನಿನ್ನೂ ಲಂಗದ ಹುಡುಗಿ. ಅವ್ವನಿಗೆ ಎದೆಯ ಕೆಳಗೆ ಉರಿ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರೆ ಅದೂ ಶುರು. ಗಂಡಸರು, ಮಕ್ಕಳು, ಆಮೇಲೆ ಆಯಿ, ಎಲ್ಲರೂ ಉಂಡೇಳುವ ಹೊತ್ತಿಗೆ ಅವ್ವ ಮುಷ್ಟಿಯನ್ನು ಹೊಟ್ಟೆಗೆ ಒತ್ತಿ ಹಿಡಿದಿರುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಮನೆಯ ಸುಬೇದಾರ ಆಕೆಯೇ.

ಆಯಿಗೆ ಗೊತ್ತಿದ್ದ ಔಷಧ ಒಂದೇ, ಲಂಘನ.

"ಹೊಟ್ಟಿಗಿ ಇವತ್ತೊಂದಿನ ಸೂಟಿ ಕೊಡು ಬೇ," ಅನ್ನುವಳು.

ಹೊಟ್ಟೆಗೇನೋ ರಜೆ ಸಿಕ್ಕಿತು, ಕೈಗೆ ಸಿಗಲಿಲ್ಲ. ಉಪವಾಸದ ಅವ್ವ ಎಂದಿನಂತೆ ಬುಟ್ಟಿ ತುಂಬ ರೊಟ್ಟಿ ಬಡಿದಳು. ಅಂದು ಉರಿ ಇನ್ನಷ್ಟು ಹೆಚ್ಚಿತು. ಹೆಚ್ಚಿದ್ದಕ್ಕೆ ಮತ್ತೊಂದು ಉಪವಾಸ!

ಕೊನೆಗೆ, ಭೀಮಾ ದಂಡೆಯ ಮಣ್ಣೂರಿನ ತವರಿಗೆ ಅವಳನ್ನು ಕಳಿಸಿಬಿಡುವ ಮಾತೆದ್ದಿತು. ಅದು ಗದ್ದಲದ ವರ್ಷ, ದಾರಿಗಳನ್ನು ನಂಬುವಂತಿರಲಿಲ್ಲ. ಹೋದವಳು ಎಂದು ಬಂದಾಳೋ ಯಾರೂ ಹೇಳಲೊಲ್ಲರು. ನಾನು ಅವ್ವನ ಸೆರಗು ಹಿಡಿದುಕೊಂಡೇ ತಿರುಗುತ್ತಿದ್ದೆ. ಅವಳಿಲ್ಲದ ಮನೆಯನ್ನು ನೆನೆದರೆ ನನಗೆ ಅಳು ಬರುತ್ತಿತ್ತು.

ತಿಂಗಳಿಗೊಮ್ಮೆ ಮಾತ್ರ ಆ ಸೆರಗು ಮುಟ್ಟುವಂತಿರಲಿಲ್ಲ. ಅವ್ವ ಮುಟ್ಟಾಗಿ ಹಿತ್ತಲ ಚಪ್ಪರದಲ್ಲಿ ಕಂಬಳಿ ಹಾಸಿ ಕೂಡುತ್ತಿದ್ದಳು. ಮಡಿಯುಟ್ಟ ಮೇಲೆ ಅತ್ತ ಸುಳಿಯಬಾರದೆಂದು ಆಯಿ ಸ್ನಾನಕ್ಕೆ ಮುಂಚೆಯೇ ತಂಗಳ ರೊಟ್ಟಿ, ಮೊಸರನ್ನು ದೂರದಿಂದ ಅವಳ ಕಡೆ ಸರಿಸಿಬಿಡುವಳು. ಅವ್ವ ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದುದು ಆ ದಿನಗಳಲ್ಲಷ್ಟೇ.

ಆ ಸಲ ಅವ್ವ ಕಾಲು ಚಾಚಿ ಕೂತು ಸಣ್ಣಗೆ ಹಾಡುತ್ತಿದ್ದಳು. ಹಾದುಹೋಗುತ್ತಿದ್ದ ಆಯಿ ನಿಂತಳು.

"ಉರಿ ಇಲ್ಲೇನ್ ಬೇ?"

"ಇಲ್ರಿ ಅತ್ತಿ. ಹೊರಗ ಕೂತಾಗ ಬರಂಗಿಲ್ರಿ."

ಅಂದು ಸಂಜೆಯವರೆಗೆ ಆಯಿ ಯಾರನ್ನೂ ಬೈಯಲಿಲ್ಲ. ನಮಗೆಲ್ಲ ಹೆದರಿಕೆಯಾಯಿತು.

ಅವ್ವನ ಹೊಟ್ಟೆಯಲ್ಲಿ ಹುಣ್ಣೇ ಇತ್ತೋ ಏನೋ, ಒಳಗೆ ಇಣುಕಿ ನೋಡಿದವರು ಯಾರು? ನಾನು ಓದಿ ತಿಳಿದದ್ದು ಇಷ್ಟು. ರೊಟ್ಟಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಮಿದುಳು ನರದ ಮೂಲಕ ಹೊಟ್ಟೆಗೆ ಸುದ್ದಿ ಮುಟ್ಟಿಸುತ್ತದೆ. ಆ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಸವನ್ನು ಬಿಡುತ್ತದೆ. ಗ್ಯಾಸ್ಟ್ರಿನ್ ಎಂಬ ಇನ್ನೊಂದು ರಸ ರಕ್ತದಲ್ಲಿ ಸುತ್ತಿ ಬಂದು ಕೆಲವು ಜೀವಕೋಶಗಳನ್ನು ಕೆಣಕುತ್ತದೆ, ಅವು ಹಿಸ್ಟಮಿನ್ ಚೆಲ್ಲುತ್ತವೆ. ಮೂರೂ ಸೇರಿ ಒತ್ತಾಯಿಸಿದರೆ ಆಮ್ಲದ ಕೋಶಗಳು ಸುಮ್ಮನಿದ್ದಾವೆಯೇ? ಊಟ ಬಂದೇ ಬಿಟ್ಟಿತು ಎಂದು ಆಮ್ಲ ಸುರಿಸುತ್ತವೆ. ಎಲ್ಲರದೂ ಮುಗಿದ ಮೇಲೆಯೇ ಸೊಸೆಯ ಊಟ ಎಂಬ ನಮ್ಮ ಮನೆಯ ರೀತಿ ಆ ಕೋಶಗಳಿಗೆ ಗೊತ್ತಿರಲಿಲ್ಲ.

ಮಿಂದು ಒಳಗೆ ಬಂದ ದಿನ ಅವ್ವ ಒಲೆಯ ಮುಂದೆ ಕೂತಳು. ಅಜ್ಜ, ಅಪ್ಪ ತಾಟಿನ ಮುಂದೆ ಕೂತಿದ್ದರು. ಮೊದಲ ರೊಟ್ಟಿ ಉಬ್ಬಿತು. ಆಯಿ ಅದನ್ನು ಹಂಚಿನಿಂದ ತೆಗೆದು, ಬೆಣ್ಣೆ ಸವರಿ, ಅವ್ವನ ಮುಂದಿಟ್ಟಳು.

"ಅತ್ತ ಸರಿ ಬೇ. ಮದಲ್ ನೀ ಉಣ್ಣು. ನಾ ಬಡೀತೇನಿ."

"ಬ್ಯಾಡ್ರಿ ಅತ್ತಿ, ಮಾವಾರು ಕೂತಾರ್ರಿ."

"ಕೂತಿರ್ಲಿ. ಅವರ ಹೊಟ್ಟ್ಯಾಗೇನ್ ಬೆಂಕಿ ಬಿದ್ದದ?"

ಆಮೇಲೆ ಅಪ್ಪನ ಕಡೆ ತಿರುಗಿದಳು. "ಮಣ್ಣೂರಿಗಿ ಗಾಡಿ ಕಟ್ಟಬ್ಯಾಡ್ಲೇ."

ಅಜ್ಜ ಖಾಲಿ ತಾಟನ್ನು ನೋಡುತ್ತ ಕೂತ. ಅವ್ವ ಗೋಡೆಗೆ ಮುಖ ಮಾಡಿ ಒಂದು ತುತ್ತು ಮುರಿದು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಮತ್ತೆ ನೋವೇ ಬಂತೆಂದು ನನ್ನ ಜೀವ ಹಾರಿತು.

"ಬಿಸಿ ರೊಟ್ಟಿ ಹಿಂಗಿರ್ತದಂತ ಮರ್ತೇ ಬಿಟ್ಟಿದ್ದೆನ್ರಿ, ಅತ್ತಿ," ಅಂದಳು.