ಗಾಲಿಯ ಮೇಲೆ ಬಂದ ತುಪ್ಪ

ಅಣ್ಣನಿಗೆ ಹೆಣ್ಣು ತಂದದ್ದು ಬೆಂಗಳೂರಿನಿಂದ. ಅತ್ತಿಗೆ ಹಾಸನದ ನಮ್ಮ ಮನೆಗೆ ಬಂದಾಗ ಅವಳ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ತೊಗಲಿನ ಪಟ್ಟಿಯಿಂದ ಕಾಲಿಗೆ ಬಿಗಿದುಕೊಳ್ಳುವ ಒಂದು ಜೊತೆ ಕಬ್ಬಿಣದ ಗಾಲಿಗಳಿದ್ದವು. ಬೆಂಗಳೂರಿನ ಬ್ರಿಟಿಷರ ದಂಡಿನ ಕಡೆಯ ಸ್ಕೇಟಿಂಗ್ ಹಾಲಿನಲ್ಲಿ ಬ್ಯಾಂಡಿನ ತಾಳಕ್ಕೆ ಹಿಮ್ಮುಖವಾಗಿ ಜಾರಿ, ಒಂಟಿ ಕಾಲಲ್ಲಿ ಬುಗುರಿಯ ಹಾಗೆ ಸುತ್ತಿ, ಅವಳು ಚಾಂಪಿಯನ್ ಆಗಿದ್ದಳಂತೆ.

ಅವ್ವ ಅವನ್ನೆತ್ತಿ ನೋಡಿ, "ಇದೇನವ್ವ, ಮಗೀಗೆ ಮಾಡ್ಸಿರೋ ಗಾಡಿನಾ?" ಎಂದಳು. ಅತ್ತಿಗೆ ಎಲ್ಲವನ್ನೂ ವಿವರಿಸಿದಳು. ಕೇಳಿ ಮುಗಿಸಿದ ಅವ್ವ ಟ್ರಂಕಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಾಂಪಿಯನ್ ಹಪ್ಪಳ ಒತ್ತತೊಡಗಿದಳು.

ಯುದ್ಧದ ಕಾಲದಲ್ಲಿ ನನ್ನ ಮದುವೆ ನಮ್ಮ ಮನೆಯ ಬೆನ್ನಿಗಿದ್ದ ಛತ್ರದಲ್ಲಿ ನಡೆಯಿತು. ಬೀಗರು ಹೊಳೆನರಸೀಪುರದವರು. ಬಡಿಸುವವರು ಚನ್ನರಾಯಪಟ್ಟಣದಿಂದ ಬರಬೇಕಿತ್ತು. ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಅವರ ಬಸ್ಸು ಶಾಂತಿಗ್ರಾಮದಲ್ಲಿ ಕೆಟ್ಟು ನಿಂತಿತು. ಇಲ್ಲಿ ಎಲೆ ಹಾಕಿ ಬೀಗರು ಕೂತಾಗಿತ್ತು. ಅಣ್ಣ ಪಂಕ್ತಿಯ ಈ ತುದಿಯಲ್ಲಿ ಪಲ್ಯ ಬಡಿಸುತ್ತಿದ್ದರೆ ಆ ತುದಿಯವರು ಉಪ್ಪು ನೆಕ್ಕುತ್ತಿದ್ದರು.

"ಬೀಗದ ಕೈ ಕೊಡಿ ಅತ್ತೆ," ಎಂದಳು ಅತ್ತಿಗೆ.

"ಊಟದ ಪಂಕ್ತಿಗೆ ತೊಗ್ಲು ತತ್ತೀಯಾ?"

"ತೊಗಲು ಬಿಚ್ಚಿಹಾಕ್ತೀನಿ. ಲಾಡಿ ಕಟ್ಕೊಂಡ್ರಾಯ್ತು."

ಅವ್ವ ಬೀಗರ ಮುಖ ನೋಡಿದಳು, ಬೀಗದ ಕೈ ಕೊಟ್ಟಳು.

ಸ್ವಲ್ಪ ಹೊತ್ತಿನಲ್ಲೇ ಅತ್ತಿಗೆ ಕಚ್ಚೆ ಬಿಗಿದು, ತುಪ್ಪದ ಗಿಂಡಿ ಹಿಡಿದು, ಕೆಂಪು ಗಾರೆಯ ನೆಲದ ಮೇಲೆ ಸರ್ರನೆ ಬಂದಳು. ಪಂಕ್ತಿ ತಿರುಗುವಲ್ಲಿ ಒಂಟಿ ಕಾಲಲ್ಲಿ ತಿರುಗಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಮದುಮಗಳಾದ ನಾನು ಗಂಡನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಅವರೂ ಅದನ್ನೇ ಮಾಡುತ್ತಿದ್ದರು.

ನನ್ನ ಮಾವ ಮಾತು ಕಡಿಮೆಯವರು. ಏನೆನ್ನುತ್ತಾರೋ ಎಂದು ಅವ್ವ ಕಂಬ ಹಿಡಿದು ನಿಂತಿದ್ದಳು. ಅವರು ಬೆರಳೆತ್ತಿ, "ಇನ್ನೊಸಿ ತುಪ್ಪ," ಎಂದರು. ಅತ್ತಿಗೆ ಬಂದು ಹೋದಳು. ಮತ್ತೆ ಬೆರಳೆತ್ತಿದರು. ಅನ್ನ ಮುಗಿದ ಮೇಲೆ ಬರೀ ಎಲೆಗೂ ಹಾಕಿಸಿಕೊಂಡರು.

ಆಮೇಲೆ ಸುತ್ತಿನ ಊರುಗಳಿಂದೆಲ್ಲ ಅತ್ತಿಗೆಗೆ ಕರೆ. ಅವ್ವನೇ ಗಾಲಿಗೆ ಎಣ್ಣೆ ಬಿಟ್ಟು, "ನಮ್ ಸೊಸೆ ಚಾಂಪೀನು ಕಣವ್ವ," ಎನ್ನುತ್ತ ಜೊತೆಗೆ ಹೋಗುತ್ತಿದ್ದಳು. ಅರಕಲಗೂಡಿನಲ್ಲಿ ಛತ್ರ ಕಟ್ಟಿಸುತ್ತಿದ್ದ ಜಮೀನ್ದಾರರೊಬ್ಬರು ನೆಲ ಹೇಗಿರಬೇಕೆಂದು ಅವಳನ್ನೇ ಕೇಳಿ, ಕನ್ನಡಿಯ ಹಾಗೆ ಉಜ್ಜಿಸಿದರು. ಕೆಲಸ ಮುಗಿಯುವ ಹೊತ್ತಿಗೆ ಅತ್ತಿಗೆ ಬಸುರಿ, ಗಾಲಿ ಕಟ್ಟುವಂತಿರಲಿಲ್ಲ. ಅಲ್ಲಿನ ಮೊದಲ ಮದುವೆಯಲ್ಲೇ ಅಡಿಗೆಯವನು ಸಾರಿನ ಪಾತ್ರೆಯೊಡನೆ ಜಾರಿ ಬಿದ್ದ. ಎತ್ತಲು ಹೋದ ಜಮೀನ್ದಾರರೂ ಬಿದ್ದರು. ಅಂದಿನಿಂದ ಆ ಛತ್ರದಲ್ಲಿ ಬಡಿಸುವವರು ಕಾಲಿಗೆ ಗೋಣಿ ಸುತ್ತಿಕೊಂಡೇ ಓಡಾಡಿದರು.

ಬಾಣಂತನ ಮುಗಿಸಿದ ಅತ್ತಿಗೆ ಒಮ್ಮೆ ಹೋಗಿ ನೋಡಿಕೊಂಡು ಬಂದು, "ನೆಲ ಮಾತ್ರ ತುಂಬ ಚೆನ್ನಾಗಿ ಬಂದಿದೆ," ಎಂದಳು.