ಕಾಗೆ ಮುಟ್ಟಿದ ಎಡೆ

ಬಿಳಿ ಬಟ್ಟೆ, ಉಪ್ಪು, ಕರ್ಪೂರ, ಊದಿನಕಡ್ಡಿ. ದಿಕ್ಕಿಲ್ಲದ ಒಂದು ಹೆಣಕ್ಕೆ ಆರುನೂರು ರೂಪಾಯಿ ಬೇಕು. ತಲೆಯ ಹತ್ತಿರ ಇಡುವ ಕಲ್ಲು ಮಾತ್ರ ಪುಕ್ಕಟೆ. ಸಂಡೂರಿನ ಲಾರಿಗಳಿಂದ ಉದುರಿದ ಅದಿರಿನ ಕಲ್ಲುಗಳನ್ನು, ಇಂಥ ಹೆಣಗಳನ್ನು ಹೂಳುವ ದುರುಗಣ್ಣ ರಸ್ತೆ ಬದಿಯಿಂದ ಆರಿಸಿ ತರುತ್ತಾರೆ. "ಹಗುರ ಕಲ್ಲಿಟ್ರ ನಾಯಿ ಉಳ್ಳಸ್ತಾವ್ರಿ. ಇದು ಕುಂತ್ರ ಕುಂತಂಗ."

ಹೊಸಪೇಟೆಯ ಹೊರಗಿನ ಸ್ಮಶಾನದಲ್ಲಿ ಇನ್ನೂ ಮಬ್ಬುಗತ್ತಲು. ದುರುಗಣ್ಣ ಕಲ್ಲಿನ ಮೇಲಿನ ನಂಬರುಗಳಿಗೆ ಮತ್ತೆ ಸುಣ್ಣ ಹಚ್ಚುತ್ತಿದ್ದಾರೆ. ಹೂಳುವ ಮೊದಲೇ ಡಾಕ್ಟರು ಹಲ್ಲನ್ನೋ ಎಲುಬಿನ ಚೂರನ್ನೋ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿರುತ್ತಾರೆ. ಲ್ಯಾಬಿನಲ್ಲಿ ಸರದಿ ಉದ್ದ. ವರದಿ ಬರುವವರೆಗೆ ಇಲ್ಲಿ ಮಲಗಿದವರಿಗೆ ನಂಬರೇ ಹೆಸರು. ದುರುಗಣ್ಣ ಮಾತ್ರ ಎಲ್ಲರನ್ನೂ "ಯಪ್ಪಾ" ಎಂದೇ ಮಾತಾಡಿಸುತ್ತಾರೆ.

"ಸತ್ತೋರ ಕೂಡ ಇಷ್ಟು ಮಾತು. ಮನ್ಯಾಗ ಕೇಳಿದ್ದಕ್ಕ ಹೂಂ ಅನ್ನಂಗಿಲ್ಲ ಈ ಮನುಷ್ಯ," ಎಂದು ಹೆಂಡತಿ ಜಂಬಕ್ಕ ಚುಚ್ಚುತ್ತಾರೆ.

ಇವತ್ತು ಅಮಾವಾಸ್ಯೆ. ಮೊದಲ ಬಸ್ಸಿಗೆ ಕಂಪ್ಲಿಯಿಂದ ಹೊಳೆಮ್ಮ ಬಂದಿದ್ದಾರೆ. ಎರಡು ವರ್ಷದ ಹಿಂದೆ ಅವರ ಮಗ ಮಾಲತೇಶ್ ಕಾಣೆಯಾದ ವಾರವೇ ಕಾಲುವೆಯಲ್ಲಿ ಎರಡು ಹೆಣ ಸಿಕ್ಕವು. ಎರಡಕ್ಕೂ ಮುಖ ಉಳಿದಿರಲಿಲ್ಲ; ಹನ್ನೊಂದು, ಹನ್ನೆರಡು ಎಂದು ನಂಬರು ಕೊಟ್ಟು ಅಕ್ಕಪಕ್ಕ ಹೂತರು. ಪರೀಕ್ಷೆಗೆ ರಕ್ತ ಕೊಟ್ಟ ತಾಯಿ, ಕಾಯಲಾರದೆ ಹನ್ನೊಂದನೇ ನಂಬರಿನ ಗುಡ್ಡೆಗೆ ಎಡೆ ಇಟ್ಟರು. ಕಾಗೆ ಆಗಲೇ ಬಂದು ಮುಟ್ಟಿತು. ಅವನೇ ಮಗ ಎಂದು ನಂಬಿದರು. ಅಂದಿನಿಂದ ಪ್ರತಿ ಅಮಾವಾಸ್ಯೆ ಕಾಗೆ ತಪ್ಪಿಸಿಲ್ಲ. ಕರೆಯುವ ಮೊದಲೇ ಬಂದು ಕಲ್ಲಿನ ಮೇಲೆ ಕೂತಿರುತ್ತದೆ.

ನಿನ್ನೆ ವರದಿ ಬಂದಿದೆ. ಮಾಲತೇಶ್ ಇರುವುದು ಹನ್ನೆರಡರಲ್ಲಿ. ಪೊಲೀಸರು ಫೋನಿನಲ್ಲಿ ಹೇಳಿ ಮುಗಿಸಿದ್ದಾರೆ. ಜಾಗ ತೋರಿಸುವ ಕೆಲಸ ದುರುಗಣ್ಣನ ಪಾಲಿಗೆ ಬಿದ್ದಿದೆ.

"ಇಂವನೇನು ಯಣ್ಣಾ?"

"ಹೂಂನಬೇ ಯವ್ವಾ. ಮಗ್ಗಲದಾಗ ಇದ್ದ."

ಹೊಳೆಮ್ಮ ಎರಡೂ ಕಲ್ಲು ಸವರಿ ನೋಡುತ್ತಾರೆ. "ಹಂಗಾರ ಇಷ್ಟು ದಿನ ನನ್ ಕೈಯಾಗ ಉಂಡಾಂವ ಯಾರು?"

ಹನ್ನೊಂದರವನ ಡಿಎನ್‌ಎ ಇನ್ನೂ ಯಾರೊಂದಿಗೂ ಹೊಂದಿಲ್ಲ.

ಹೊಳೆಮ್ಮ ಹೋಳಿಗೆ ಮುರಿದು ಎರಡು ಎಲೆಗೆ ಹಾಕುತ್ತಾರೆ. ಕಾಗೆ ಇಳಿಯುತ್ತದೆ. ಹನ್ನೊಂದರ ಎಲೆ ಖಾಲಿ ಮಾಡಿ ಅದೇ ಕಲ್ಲಿನ ಮೇಲೆ ಕೂರುತ್ತದೆ. ಮಗನ ಎಲೆಯತ್ತ ಬರುವುದಿಲ್ಲ.

"ಮಾಲತೇಶಾ, ಉಣ್ಣಪ್ಪಾ. ನಿಮ್ಮವ್ವ ಬಂದಾಳ," ದುರುಗಣ್ಣ ಕರೆಯುತ್ತಾರೆ. ಈ ಸಾಲಿನಲ್ಲಿ ಅವರು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಬಿಸಿಲೇರಿದರೂ ಕಾಗೆ ಕದಲುವುದಿಲ್ಲ.

"ಇನ್ನ ಮುಂದಾರ ವರದಿ ಜಲ್ದಿ ಬಂದ್ರ ಸಾಕ್ರಿ," ಎನ್ನುತ್ತಾರೆ ದುರುಗಣ್ಣ. "ತಾಯಿ ಅನ್ನ ದಾರಿ ತಪ್ಪಬಾರ್ದು."

ಹೊಳೆಮ್ಮನಿಗೆ ಮಗನ ಗುಡ್ಡೆ ಸಿಕ್ಕಿತು. ಎರಡು ವರ್ಷದ ಎಡೆ ಮಗನಿಗೆ ಸಿಗಲಿಲ್ಲ.