ಕೆಳಗೇನಿದೆ ಎಂದು ಕೇಳಿದವರು

ಟಕ್. ಟಕ್. ಟಕ್. ರಾತ್ರಿ ಒಂದೂವರೆಗೆ ಬಾಯ್ಲರ್ ಮನೆಯಲ್ಲಿ ಯಾರೋ ಬಡಿಯುತ್ತಿದ್ದರು. ಬಾಗಿಲನ್ನಲ್ಲ, ನೆಲವನ್ನು.

ಕಾರ್ಖಾನೆಯ ದುರಸ್ತಿ ಕಾರ್ಯದಲ್ಲಿ, ಎತ್ತರದಲ್ಲಿ ನಿಂತು ದುಡಿಯಲು ಕಟ್ಟುವ ಸಾರುವೆಯೆಂಬುದು ಕೆಲಸ ಮುಗಿದೊಡನೆ ಕಳಚಿಹೋಗುವ ವಸ್ತು. ಅದನ್ನು ಕಟ್ಟಿದವರ ಗುರುತು ಯಾವ ಫಲಕದಲ್ಲಿಯೂ ಉಳಿಯುವುದಿಲ್ಲ. ಹಾಗೆ ಉಳಿಯದ ವಸ್ತುವಿಗೆ ಬಾಳಿನ ಬಹುಭಾಗವನ್ನು ಮುಡಿಪಾಗಿಟ್ಟು, ಎಲ್ಲಿಗೆ ಯಾವ ಬಗೆಯ ಸಾರುವೆ ಸಲ್ಲುತ್ತದೆಂಬ ಪ್ರಶ್ನೆಯನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಸಾರುವೆ ಪರಿವೀಕ್ಷಕಿ, ಕಾರ್ಮಿಕರೆಲ್ಲರ ಬಾಯಲ್ಲಿ 'ಕೆಳಗೇನಕ್ಕ'. ಉಳಿದವರು ತಲೆಯೆತ್ತಿ ಎತ್ತರವನ್ನು ಅಳೆಯುವಾಗ ಅವರು ತಲೆ ಬಗ್ಗಿಸಿ, 'ಕೆಳಗೇನಿದೆ?' ಎಂದು ಕೇಳುತ್ತಾರೆ. ಆ ಅಡ್ಡಹೆಸರು ಹುಟ್ಟಿದ ಬಗೆಯನ್ನು ನಮ್ಮ ಸಾರುವೆ ಮೇಸ್ತ್ರಿಯಷ್ಟು ಬಲ್ಲವರು ಬೇರೊಬ್ಬರಿಲ್ಲ. ಏಕೆಂದರೆ ಆ ರಾತ್ರಿ ಪಣಕ್ಕೆ ಬಿದ್ದದ್ದು ಆತನ ಅನ್ನ.

ಅಕ್ಕನವರು ಮೊದಲು ಸೇರಿದ್ದು ನಕ್ಷೆ ಕೋಣೆಗೆ. ದಿನವಿಡೀ ಓರೆಮೇಜಿನ ಮೇಲೆ ಬಾಗಿ ಗೆರೆ ಎಳೆಯುತ್ತಿದ್ದ ಅವರು, ಏಳು ವರ್ಷಗಳ ತರುವಾಯ ತಾವಾಗಿಯೇ ಕೇಳಿಕೊಂಡು ದುರಸ್ತಿ ವಿಭಾಗದ ಧೂಳಿಗಿಳಿದರು. ಸಾರುವೆಯನ್ನು ಆಯುವ ಮುನ್ನ ಅದನ್ನೇರುವವರನ್ನು ನೋಡುವುದು ಅವರ ರೂಢಿ. ಮುದಿ ಪೇಂಟರ್ ಮಂಡಿನೋವನ್ನು ಮುಚ್ಚಿಟ್ಟುಕೊಂಡು ದುಡಿಯುತ್ತಿದ್ದುದನ್ನು ಆತನ ನಡಿಗೆಯಿಂದಲೇ ಅರಿತು, ನೆಟ್ಟನೆಯ ಏಣಿಯ ಸಾರುವೆಯನ್ನು ಕಳಚಿಸಿ, ಮೆಟ್ಟಿಲಿರುವುದನ್ನು ಕಟ್ಟಿಸಿದ್ದರು.

"ಅರಮನೆ ಮೆಟ್ಟಿಲೇ ಕಟ್ಟಿಸಿಬಿಟ್ರಲ್ಲ ಅಕ್ಕಾ!"

"ಹತ್ತಪ್ಪ ಮಹಾರಾಜ. ಬಣ್ಣದ ಡಬ್ಬ ಮಾತ್ರ ಮರೀಬೇಡ."

ಅವರ ಸೇವೆಯ ಹದಿನೈದನೆಯ ವರ್ಷ. ವಾರ್ಷಿಕ ದುರಸ್ತಿಗಾಗಿ ಬಾಯ್ಲರ್ ನಿಂತಿತ್ತು. ಮೂವತ್ತಡಿ ಎತ್ತರದಲ್ಲಿದ್ದ ಹೊಗೆಕೊಳವೆಯ ತುಕ್ಕು ಹಿಡಿದ ತಗಡುಗಳನ್ನು ಬದಲಿಸಬೇಕಿತ್ತು. ಬೇಗ ಮುಗಿಯಲೆಂದು ಮ್ಯಾನೇಜರು ಗಾಲಿ ಸಾರುವೆಯನ್ನು ತಳ್ಳಿಸಿಕೊಂಡು ಬಂದಿದ್ದರು.

"ಬಲ್ಬ್ ಬದಲಾಯಿಸೋಕೆ ಇದು ಚಿನ್ನದಂಥದ್ದು ಸಾರ್," ಎಂದರು ಅಕ್ಕ. "ಆದ್ರೆ ನಾಲ್ಕು ಜನ ವೆಲ್ಡರು, ಅವರ ಜೊತೆ ಅಷ್ಟು ಭಾರದ ತಗಡು. ಗಾಲಿ ಬೇಡ."

ಹಾಗಾಗಿ ಮೇಸ್ತ್ರಿಯು ನೆಲದಿಂದಲೇ ಪೈಪುಗಳ ಭಾರಿ ಸಾರುವೆಯನ್ನೆಬ್ಬಿಸಿದ. ವಿಚಿತ್ರವೆಂದರೆ, ಮರುದಿನ ಬೆಳಿಗ್ಗೆ ಮಟ್ಟ ನೋಡಲು ಇಟ್ಟ ರಸಮಟ್ಟದ ಗುಳ್ಳೆ ಒಂದು ಪಕ್ಕಕ್ಕೆ ಸರಿದಿತ್ತು. ಮೂಲೆಯ ಒಂದು ಕಾಲು ಎರಡು ಬೆರಳಷ್ಟು ಕುಸಿದಿತ್ತು. ಹಲಗೆ ಕೊಟ್ಟು ಎತ್ತಿದ. ಅದರ ಮರುದಿನವೂ ಅಷ್ಟೇ ಕುಸಿತ, ಅದೇ ಕಾಲು. ನಕ್ಷೆಯಲ್ಲಿ ಅಲ್ಲಿದ್ದುದು ಗಟ್ಟಿ ಕಾಂಕ್ರೀಟ್ ನೆಲ.

"ನೆಲ ಸರಿಯಾಗಿದೆ, ಕಟ್ಟಿದ ಕೈ ಸರಿಯಿಲ್ಲ," ಎಂದು ಮ್ಯಾನೇಜರು ಎಲ್ಲರೆದುರು ಗುಡುಗಿದರು. "ನಾಳೆ ಎಂಟಕ್ಕೆ ವೆಲ್ಡರುಗಳು ಹತ್ತಬೇಕು. ಇಲ್ಲಾಂದ್ರೆ ನಿನ್ನ ಗೇಟ್ ಪಾಸ್ ಇಲ್ಲಿಟ್ಟು ಹೊರಡು."

ಆ ರಾತ್ರಿ ಸಾಮಾನು ಕೋಣೆಯಲ್ಲಿ ಕಣ್ಣು ಮುಚ್ಚದೆ ಬಿದ್ದುಕೊಂಡಿದ್ದ ಮೇಸ್ತ್ರಿಗೆ ಆ ಸದ್ದು ಕೇಳಿಸಿತು.

"ಯಾರದು?"

"ನಾನೇ ಕಣಪ್ಪ. ಎದ್ದು ಬಾ, ಇನ್ನೊಂದು ಜೊತೆ ಕಿವಿ ಬೇಕು. ಹಗಲು ಈ ಯಂತ್ರಗಳ ಗಲಾಟೆಲಿ ನೆಲದ ಮಾತು ಎಲ್ಲಿ ಕೇಳುತ್ತೆ!"

ಅಕ್ಕ ಕಬ್ಬಿಣದ ಸಲಾಕೆ ಹಿಡಿದು, ಸಾರುವೆಯ ಒಂದೊಂದೇ ಕಾಲಿನ ಸುತ್ತ ಬಡಿಯುತ್ತ ಬಂದರು. ಟಕ್. ಟಕ್. ಮೂಲೆಗೆ ಬಂದೊಡನೆ ಸದ್ದು ಬದಲಾಯಿತು. ಡಬ್.

"ಟೊಳ್ಳು!" ಎಂದ ಮೇಸ್ತ್ರಿ.

ಅಕ್ಕ ಸಲಾಕೆಯನ್ನು ಕೆಳಗಿಟ್ಟರು. ಬಹಳ ಹೊತ್ತು ಆ ಜಾಗದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಿದ್ದರು. ದಣಿದಿರಬೇಕೆಂದು ಮೇಸ್ತ್ರಿ ತಿಳಿದುಕೊಂಡ.

ಬೆಳಗಾಗುವುದರೊಳಗೆ ಸಾರುವೆಯನ್ನು ಕಳಚಿಸಿದರು. ನೆಲ ಕೊರೆದಾಗ ಕಂಡದ್ದು ಆಳೆತ್ತರದ ಹಳೆಯ ನೀರಿನ ಹೊಂಡ. ಅದರ ಮೇಲೆ ತೆಳುವಾದ ಚಪ್ಪಡಿ, ಚಪ್ಪಡಿಯಲ್ಲಿ ಉದ್ದಕ್ಕೂ ಬಿರುಕು. ನಾಲ್ವರು ವೆಲ್ಡರುಗಳು ತಗಡಿನೊಡನೆ ಏರಿದ್ದರೆ ಅದು ಖಂಡಿತ ಮುರಿದುಬೀಳುತ್ತಿತ್ತು.

"ನೆಲ ಕೈಕೊಡ್ತು. ಇನ್ನು ಸೂರನ್ನೇ ಕೇಳೋಣ," ಎಂದರು ಅಕ್ಕ. ಸೂರಿನ ಉಕ್ಕಿನ ತೊಲೆಗಳು ಎಷ್ಟು ಭಾರ ತಾಳುತ್ತವೆಂದು ಎಂಜಿನಿಯರರಿಂದ ಲೆಕ್ಕ ಹಾಕಿಸಿ, ಅವುಗಳಿಂದ ಕೆಳಕ್ಕೆ ಇಳಿಬಿಟ್ಟ ತೂಗು ಸಾರುವೆಯನ್ನು ಅದೇ ಮೇಸ್ತ್ರಿಯ ಕೈಯಿಂದ ಕಟ್ಟಿಸಿದರು. ಕೆಲಸ ಎರಡು ದಿನ ತಡವಾಯಿತು. ಅದನ್ನೇರಿದ ನಾಲ್ವರೂ ಇಳಿದು ಮನೆಗೆ ಹೋದರು.

"ಹೊಂಡಾನ ನಕ್ಷೆಲಿ ತೋರಿಸದೆ ಬಿಟ್ಟ ಪುಣ್ಯಾತ್ಮ ಯಾರು?" ಎಂಬ ಮ್ಯಾನೇಜರ ಪ್ರಶ್ನೆಗೆ ಅಕ್ಕ, ನಕ್ಷೆ ಕೋಣೆಯ ಮೂಲಪ್ರತಿಯನ್ನು ತೆಗೆದು ನೋಡಿ, ಒಂದು ಪುಟದ ವರದಿ ಬರೆದು ಕೊಟ್ಟರು. ಓದಿದ ಮ್ಯಾನೇಜರು ಅಕ್ಕನ ಮುಖವನ್ನೊಮ್ಮೆ ನೋಡಿ, ಹಾಳೆ ಮಡಚಿ, ಎಲ್ಲರೆದುರು ಮೇಸ್ತ್ರಿಯ ಕ್ಷಮೆ ಕೇಳಿದರು. ಅಂದಿನಿಂದ ಅಕ್ಕ 'ಕೆಳಗೇನಿದೆ?' ಎಂದು ಕೇಳದೆ ಒಂದು ಸಾರುವೆಯನ್ನೂ ಕಟ್ಟಗೊಡಲಿಲ್ಲ.

ಆ ವರದಿಯಲ್ಲಿದ್ದುದು ಯಾರ ಹೆಸರೆಂಬ ಕುತೂಹಲ ಹತ್ತೊಂಬತ್ತು ವರ್ಷಗಳಿಂದ ಮೇಸ್ತ್ರಿಯನ್ನು ಬಿಟ್ಟಿರಲಿಲ್ಲ. ಅಕ್ಕನ ನಿವೃತ್ತಿಗೆಂದು ಈ ಅಭಿನಂದನಾ ಸಂಪುಟ ಸಿದ್ಧವಾಗುತ್ತಿರುವಾಗ ಆತ ಕಡೆಗೂ ಕೇಳಿಯೇಬಿಟ್ಟ. ಅಕ್ಕ ನಕ್ಕು, ಮೇಜಿನ ಖಾನೆಯಿಂದ ವರದಿಯ ಪ್ರತಿಯನ್ನು ತೆಗೆದು ಆತನ ಕೈಗಿತ್ತರು.

"ನನ್ನನ್ನ ಹೊಗಳೋದಾದ್ರೆ ಇದನ್ನೂ ಅಚ್ಚು ಹಾಕಿಸಬೇಕು. ಇಲ್ಲಾಂದ್ರೆ ಸಂಪುಟಾನೂ ಬೇಡ, ಹಾರಾನೂ ಬೇಡ."

ಕೆಳಗೇನಕ್ಕನವರ ಕಾಲುಗಳು ಇನ್ನೂ ಬಹುಕಾಲ ಗಟ್ಟಿ ನೆಲದ ಮೇಲೆ ಊರಿರಲಿ. ಅವರ ಸಲಾಕೆಯ ಸದ್ದು ಹೊಸ ಮೇಸ್ತ್ರಿಗಳ ಕಿವಿಯನ್ನು ತಿದ್ದುತ್ತಲೇ ಇರಲಿ. ಅವರ ಮಾತಿಗೆ ತಲೆಬಾಗಿ, ಆ ವರದಿಯ ಕೊನೆಯ ಸಾಲನ್ನು ಇಲ್ಲಿ ಇದ್ದಂತೆಯೇ ಅಚ್ಚು ಮಾಡಿದೆ:

"ಸೇವೆಗೆ ಸೇರಿದ ಮೊದಲ ವರ್ಷ ಈ ನಕ್ಷೆಯನ್ನು ಬರೆದು, ಹೊಂಡವನ್ನು ಗುರುತಿಸದೆ ಬಿಟ್ಟವಳು ನಾನೇ."